ತವರಿನ ಮರ ಮತ್ತು ಹೊರಗಿನ ಅತಿಥಿ: ಕೊಕ್ಕರೆ ಬೆಳ್ಳೂರಿನ ನೆಲೆಯಿಂದ ಜವಾಬ್ದಾರಿಯುತ ಪ್ರವಾಸೋದ್ಯಮದ ವಿವೇಚನೆ

1. ಪ್ರವೇಶ

ಊರು ಬಿಟ್ಟು ಊರಿಗೆ ಹೋಗುವುದು ಕನ್ನಡ ಜನಪದರಿಗೆ ಹೊಸದಲ್ಲ. ಜಾತ್ರೆ, ಪರಿಷೆ, ಹರಕೆಯ ಯಾತ್ರೆ, ಬೆಟ್ಟದ ಸೇವೆ ಮುಂತಾದವು ಶತಮಾನಗಳಿಂದ ನಡೆದುಬಂದಿರುವ ಸಂಚಾರಗಳು. ಇವುಗಳಿಗೆಲ್ಲ ಸಮಾನವಾದ ಒಂದು ಲಕ್ಷಣವಿದೆ. ಯಾವ ಕಾಲದಲ್ಲಿ ಹೊರಡಬೇಕು, ಏನನ್ನು ಕೊಂಡೊಯ್ಯಬೇಕು, ಎಲ್ಲಿ ಪಾದರಕ್ಷೆ ಕಳಚಬೇಕು, ಎಲ್ಲಿ ಮಾತು ನಿಲ್ಲಿಸಬೇಕು ಎಂಬುದನ್ನು ನಿರ್ಧರಿಸುತ್ತಿದ್ದುದು ಹೋಗುವವನ ಇಚ್ಛೆಯಲ್ಲ, ಅವನು ತಲುಪಬೇಕಾದ ಸ್ಥಳದ ಕಟ್ಟುಪಾಡು. ಆಧುನಿಕ ಪ್ರವಾಸೋದ್ಯಮವು ಈ ಸಂಬಂಧವನ್ನು ತಿರುವುಮುರುವು ಮಾಡಿತು. ಹಣ ತೆತ್ತವನ ಬಿಡುವು, ಅವನ ಅಭಿರುಚಿ, ಅವನ ಛಾಯಾಚಿತ್ರ ಇವೇ ಮುಖ್ಯವಾಗಿ, ಸ್ಥಳವೂ ಅಲ್ಲಿನ ಜನರೂ ಜೀವಿಗಳೂ ನೋಟದ ವಸ್ತುಗಳಾದರು.

ಇದರ ದುಷ್ಪರಿಣಾಮಗಳನ್ನು ಕಂಡ ಮೇಲೆ ಹುಟ್ಟಿಕೊಂಡ ಪರಿಕಲ್ಪನೆಗಳಲ್ಲಿ 'ಜವಾಬ್ದಾರಿಯುತ ಪ್ರವಾಸೋದ್ಯಮ' ಮುಖ್ಯವಾದುದು. 2002ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ನಡೆದ ಸಮಾವೇಶದ ಘೋಷಣೆಯು ಇದರ ತಳಹದಿ. ಸ್ಥಳವೊಂದು ಅಲ್ಲಿ ಬಾಳುವವರಿಗೆ ಹಸನಾಗಬೇಕು, ನೋಡಬಂದವರಿಗೂ ಹಸನಾಗಬೇಕು ಎಂಬುದು ಅದರ ತಿರುಳು. ಈ ಎರಡರಲ್ಲಿ ಬಾಳುವವರನ್ನು ಮೊದಲಿಗೆ ಹೇಳಿರುವುದು ಗಮನಾರ್ಹ. 2008ರಲ್ಲಿ ಇದರ ಎರಡನೆಯ ಅಂತರರಾಷ್ಟ್ರೀಯ ಸಮಾವೇಶ ಕೇರಳದಲ್ಲಿ ನಡೆಯಿತು. ಅಲ್ಲಿನ ಕುಮರಕಂ ಈ ದಿಸೆಯ ಭಾರತೀಯ ಪ್ರಯೋಗಗಳಲ್ಲಿ ಹೆಸರು ಪಡೆಯಿತು.

ವನ್ಯಜೀವಿ ನೆಲೆಗಳ ಮಟ್ಟಿಗೆ ಈ ಪರಿಕಲ್ಪನೆಯನ್ನು ಸಾಮಾನ್ಯವಾಗಿ ಅರಣ್ಯಶಾಸ್ತ್ರ, ಅರ್ಥಶಾಸ್ತ್ರ ಅಥವಾ ಕಾನೂನಿನ ನೆಲೆಯಿಂದ ಚರ್ಚಿಸಲಾಗುತ್ತಿದೆ. ಜಾನಪದದ ನೆಲೆಯಿಂದ ಅದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರನ್ನು ಇದಕ್ಕೆ ಆಧಾರವಾಗಿ ಇರಿಸಿಕೊಳ್ಳಲಾಗಿದೆ. ಅಲ್ಲಿನ ಜನ ಹಕ್ಕಿಗಳನ್ನು ತವರಿಗೆ ಬಂದ ಹೆಣ್ಣುಮಕ್ಕಳೆಂದು ಭಾವಿಸುತ್ತಾರೆ ಎಂಬ ಮಾತು ಪ್ರವಾಸಿ ಸಾಹಿತ್ಯದಲ್ಲಿ ಬಹಳ ಪ್ರಚಲಿತ. ಈ ಮಾತನ್ನು ಸೊಗಸಾದ ನಂಬಿಕೆಯೆಂದು ಮೆಚ್ಚಿ ಸುಮ್ಮನಾಗದೆ, ಕರ್ತವ್ಯಗಳನ್ನೂ ನಿಷೇಧಗಳನ್ನೂ ವೆಚ್ಚವನ್ನೂ ಒಳಗೊಂಡ ಸಾಮಾಜಿಕ ವ್ಯವಸ್ಥೆಯೆಂದು ಓದಿದರೆ ಏನು ದೊರೆಯುತ್ತದೆ ಎಂಬುದು ಇಲ್ಲಿನ ಪ್ರಶ್ನೆ.

2. ಊರು, ಮರ ಮತ್ತು ಹಕ್ಕಿ

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಮದ್ದೂರಿಗೆ ಮೊದಲು ಸಿಗುವ ರುದ್ರಾಕ್ಷಿಪುರದ ಬಳಿ ತಿರುಗಿ, ಹತ್ತಾರು ಕಿಲೋಮೀಟರ್ ಒಳಕ್ಕೆ ಸಾಗಿದರೆ ಶಿಂಷಾ ನದಿಯ ಆಸುಪಾಸಿನಲ್ಲಿ ಈ ಊರು ಇದೆ. ರಾಗಿ, ಭತ್ತ, ಕಬ್ಬು, ರೇಷ್ಮೆ ಬೆಳೆಯುವ ಮಂಡ್ಯ ಸೀಮೆಯ ಇತರ ಊರುಗಳಿಗಿಂತ ಇದು ಹೊರನೋಟಕ್ಕೆ ಭಿನ್ನವಲ್ಲ. ಭಿನ್ನತೆ ಇರುವುದು ಮನೆಗಳ ನಡುವಿನ ಮರಗಳಲ್ಲಿ. ಹಿತ್ತಿಲು, ಕಣ, ಬೀದಿಯ ಅಂಚುಗಳಲ್ಲಿ ನಿಂತಿರುವ ಹುಣಸೆ, ಆಲ, ಅರಳಿ, ಅತ್ತಿ ಮರಗಳ ಮೇಲೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಪ್ರತಿವರ್ಷ ಗೂಡು ಕಟ್ಟಿ ಮರಿಮಾಡುತ್ತವೆ. ಮಳೆಗಾಲ ಮುಗಿಯುತ್ತಿದ್ದಂತೆ ಹೆಜ್ಜಾರ್ಲೆಗಳ ಆಗಮನ ಆರಂಭವಾಗುತ್ತದೆ. ಬಣ್ಣದ ಕೊಕ್ಕರೆಗಳು ಅನಂತರ ಬಂದು ಸೇರುತ್ತವೆ. ಬೇಸಿಗೆ ಕಳೆದು ಹೊಸ ಮಳೆ ಬೀಳುವ ಹೊತ್ತಿಗೆ ಮರಿಗಳೊಡನೆ ಊರು ಬಿಡುತ್ತವೆ. ಅವು ಮೇವಿಗೆ ಆಶ್ರಯಿಸಿರುವುದು ಶಿಂಷಾ ನದಿಯನ್ನೂ ತೈಲೂರು ಕೆರೆ, ಮದ್ದೂರು ಕೆರೆ ಮೊದಲಾದ ಸುತ್ತಲಿನ ಕೆರೆಗಳನ್ನೂ.

ಹೆಜ್ಜಾರ್ಲೆ ಮನುಷ್ಯ ವಸತಿಯ ನಡುವೆ ಗೂಡು ಕಟ್ಟುವುದು ಹೊಸ ಸಂಗತಿಯಲ್ಲ. ಹತ್ತೊಂಬತ್ತನೆಯ ಶತಮಾನದ ಪಕ್ಷಿತಜ್ಞ ಟಿ.ಸಿ. ಜರ್ಡಾನ್ ತನ್ನ ಭಾರತದ ಪಕ್ಷಿಗಳನ್ನು ಕುರಿತ ಗ್ರಂಥದಲ್ಲಿ, ಕರ್ನಾಟಿಕ್ ಪ್ರಾಂತದ ಹಳ್ಳಿಯೊಂದರ ನಡುವಿನ ಮರಗಳಲ್ಲಿ ಈ ಹಕ್ಕಿಗಳು ಜನರ ಸಾಮೀಪ್ಯಕ್ಕೆ ಅಂಜದೆ ಗೂಡು ಕಟ್ಟುತ್ತಿದ್ದುದನ್ನು ದಾಖಲಿಸಿದ್ದಾನೆ. ಕೊಕ್ಕರೆ ಬೆಳ್ಳೂರಿನ ವಸಾಹತನ್ನು ಹೊರಜಗತ್ತಿನ ಗಮನಕ್ಕೆ ತಂದವರು ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು, ಅದು 1976ರಲ್ಲಿ. ಹೊರಗಿನವರಿಗೆ ಅದು ಶೋಧ. ಊರವರಿಗೆ ಅದು ಅಜ್ಜ ಮುತ್ತಜ್ಜರ ಕಾಲದಿಂದ ಕಂಡ ಬದುಕು. ಹಿಂದೆ ನದಿಯ ದಂಡೆಯಲ್ಲಿದ್ದ ಊರು ಪ್ಲೇಗಿನ ಕಾಲದಲ್ಲಿ ಈಗಿನ ಜಾಗಕ್ಕೆ ಬಂದಿತೆಂದೂ, ಜನರ ಹಿಂದೆಯೇ ಹಕ್ಕಿಗಳೂ ಬಂದವೆಂದೂ ಊರಿನ ಐತಿಹ್ಯ ಹೇಳುತ್ತದೆ. ಸ್ಥಳನಾಮವೂ ಈ ನಂಟಿಗೆ ಸಾಕ್ಷಿ. ನಾಡಿನಲ್ಲಿ ಬೆಳ್ಳೂರು ಎಂಬ ಊರುಗಳು ಹಲವಿದ್ದರೂ ಈ ಬೆಳ್ಳೂರು ತನ್ನ ಗುರುತಿಗಾಗಿ ಹಕ್ಕಿಯ ಹೆಸರನ್ನೇ ಮುಂದಿಟ್ಟುಕೊಂಡಿದೆ.

ಈ ಸಹಬಾಳ್ವೆಗೆ ಭಾವನೆಯಷ್ಟೇ ಆಧಾರವಲ್ಲ. ಅದಕ್ಕೊಂದು ಕೃಷಿಜ್ಞಾನದ ಬುನಾದಿಯೂ ಇದೆ. ಗೂಡಿರುವ ಮರಗಳ ಬುಡದಲ್ಲಿ ಗುಂಡಿ ತೋಡಿ, ಕೆರೆಯ ಗೋಡು ತಂದು ತುಂಬಿ, ಮೇಲಿನಿಂದ ಬೀಳುವ ಹಿಕ್ಕೆಯೊಡನೆ ಬೆರೆಸಿ ಗೊಬ್ಬರ ಮಾಡುವ ಪದ್ಧತಿ ಇಲ್ಲಿ ಬೆಳೆದುಬಂದಿತು. ನದಿ ಮತ್ತು ಕೆರೆಯ ಮೀನು ಹಕ್ಕಿಯ ಹೊಟ್ಟೆಯ ಮೂಲಕ ಗೊಬ್ಬರವಾಗಿ ರೈತನ ಹೊಲಕ್ಕೆ ಮರಳುವ ಚಕ್ರ ಇದು. ಹಕ್ಕಿ ಬಂದರೆ ಮಳೆ ಬೆಳೆ ಚೆನ್ನ, ಬಾರದಿದ್ದರೆ ಊರಿಗೆ ಕೇಡು ಎಂಬ ನಂಬಿಕೆಯನ್ನು ಈ ಚಕ್ರದ ಹಿನ್ನೆಲೆಯಲ್ಲಿಯೇ ಅರ್ಥೈಸಬೇಕು. ಕೆರೆ ತುಂಬಿದ ವರ್ಷ ಮೀನು ಹೆಚ್ಚು, ಮೀನು ಹೆಚ್ಚಿದ ವರ್ಷ ಗೂಡು ಹೆಚ್ಚು. ಅಂತಹ ವರ್ಷ ಹೊಲದ ಬೆಳೆಯೂ ಹುಲುಸು. ಜನಪದರು ಶಕುನವೆಂದು ಕರೆದುದು ಹಲವು ತಲೆಮಾರುಗಳ ಅವಲೋಕನವೂ ಹೌದು.

3. ತವರೆಂಬ ಕಟ್ಟುಪಾಡು

ಕನ್ನಡ ಜನಪದ ಸಾಹಿತ್ಯದಲ್ಲಿ, ಅದರಲ್ಲಿಯೂ ಹೆಣ್ಣುಮಕ್ಕಳ ಹಾಡುಗಬ್ಬದಲ್ಲಿ, ತವರು ಪಡೆದಿರುವ ಸ್ಥಾನ ವಿದ್ವಾಂಸರಿಗೆ ಪರಿಚಿತ. ಹಡೆದವ್ವ, ಬೆನ್ನಿಗೆ ಬಿದ್ದ ಅಣ್ಣತಮ್ಮಂದಿರು, ದಾರಿ ಕಾಯುವ ಹೊಸ್ತಿಲು ಇವು ಆ ಹಾಡುಗಳ ಸ್ಥಾಯಿಯಾದ ಚಿತ್ರಗಳು. ಆದರೆ ತವರು ಎಂಬುದು ಕೇವಲ ಹಂಬಲದ ನೆಲೆಯಲ್ಲ. ಅದೊಂದು ಕರ್ತವ್ಯಗಳ ಸಂಸ್ಥೆ. ಬಸುರಿ ಮಗಳನ್ನು ಕರೆತರುವುದು, ಹೆರಿಗೆಯ ಹೊಣೆ ಹೊರುವುದು, ಬಾಣಂತನವನ್ನು ಕೊರತೆಯಿಲ್ಲದಂತೆ ನಡೆಸುವುದು, ಕೂಸು ಗಟ್ಟಿಯಾದ ಮೇಲೆ ಮಡಿಲು ತುಂಬಿ ಕಳುಹಿಸುವುದು ಇವೆಲ್ಲ ತವರಿನ ತಪ್ಪಿಸಲಾಗದ ಕೆಲಸಗಳು. ಮಗಳು ಮತ್ತೆ ಬರಬೇಕೆಂಬ ಆಶಯ ಈ ಎಲ್ಲದರ ಕೊನೆಯಲ್ಲಿದೆ.

ಹೆಜ್ಜಾರ್ಲೆ, ಕೊಕ್ಕರೆಗಳನ್ನು ಹೆರಿಗೆಗೆ ಬಂದ ಮಗಳೆಂದು ಕರೆದ ಸಮುದಾಯವು ಈ ಸಂಸ್ಥೆಯ ನಿಯಮಗಳನ್ನು ಹಕ್ಕಿಗೂ ವಿಸ್ತರಿಸಿತು. ಗೂಡಿರುವ ಮರವನ್ನು ಆ ಅವಧಿಯಲ್ಲಿ ಬಡಿಯುವಂತಿಲ್ಲ. ಆದುದರಿಂದ ಹುಣಸೆಯ ಫಸಲನ್ನು ಬಿಟ್ಟುಕೊಡಬೇಕಾಗುತ್ತದೆ. ಹಕ್ಕಿಗೆ ಕಲ್ಲೆಸೆಯುವುದು, ಮೊಟ್ಟೆಗೆ ಕೈಹಾಕುವುದು ನಿಷಿದ್ಧ. ಹಿಕ್ಕೆಯಿಂದ ಸೂರು ಬಿಳುಪೇರುವುದು, ಮರಿಗಳ ಬಾಯಿಂದ ಜಾರಿದ ಮೀನು ಅಂಗಳದಲ್ಲಿ ಬಿದ್ದು ನಾರುವುದು ಇವನ್ನು ಸಹಿಸಬೇಕು. ಬಾಣಂತಿಯಿರುವ ಮನೆಯಲ್ಲಿ ಮುಖ ಸಿಂಡರಿಸುವಂತಿಲ್ಲ ಎಂಬ ನೀತಿಯೇ ಇಲ್ಲಿಯೂ ಕೆಲಸ ಮಾಡಿದೆ. ವನ್ಯಜೀವಿಯನ್ನು ದೇವರೆಂದು ಪೂಜಿಸುವ ನಿದರ್ಶನಗಳು ನಾಡಿನಲ್ಲಿ ಅನೇಕ. ದೇವತೆಗೆ ಹೆದರಿ ನಡೆದುಕೊಳ್ಳುವುದು ಒಂದು ಬಗೆಯಾದರೆ, ಮಗಳಿಗೆ ಆಗಿಬರುವುದು ಇನ್ನೊಂದು ಬಗೆ. ಭಯಕ್ಕಿಂತ ಬಂಧುತ್ವವೇ ಇಲ್ಲಿ ಸಂರಕ್ಷಣೆಯ ತಳಹದಿಯಾಗಿದೆ.

ಈ ಕಟ್ಟುಪಾಡು ಆಧುನಿಕ ಸಂದರ್ಭದಲ್ಲಿ ಹೊಸ ರೂಪ ಪಡೆದುದಕ್ಕೆ 'ಹೆಜ್ಜಾರ್ಲೆ ಬಳಗ' ಒಂದು ನಿದರ್ಶನ. 1990ರ ದಶಕದಲ್ಲಿ ಮೈಸೂರಿನ ಹವ್ಯಾಸಿ ನಿಸರ್ಗಪ್ರಿಯರ ಸಂಸ್ಥೆಯ ಕೆ. ಮನು ಮತ್ತು ಸಂಗಡಿಗರು ಊರಿನ ಯುವಕರೊಡನೆ ಸೇರಿ ಇದನ್ನು ರೂಪಿಸಿದರು. ಗಾಳಿಗೆ ಅಥವಾ ಜಗಳದಲ್ಲಿ ಗೂಡಿನಿಂದ ಬಿದ್ದ ಮರಿಗಳನ್ನು ಆವರಣವೊಂದರಲ್ಲಿರಿಸಿ, ಮೀನು ಉಣಿಸಿ, ಹಾರುವಷ್ಟು ಬಲಿತ ಮೇಲೆ ಬಿಡುವುದು ಬಳಗದ ಮುಖ್ಯ ಕೆಲಸವಾಯಿತು. 'ಬಳಗ' ಎಂಬ ಬಂಧುವಾಚಕ ಪದವನ್ನೇ ಸಂಘಟನೆಯ ಹೆಸರಿಗೆ ಆರಿಸಿಕೊಂಡುದು ಉಚಿತವಾಗಿಯೇ ಇದೆ. ಊರಿನ ಹಳೆಯ ಭಾವನೆ ಅಲ್ಲಿ ಹೊಸ ಕೆಲಸಕ್ಕೆ ನುಡಿಯಾಯಿತು.

ಇಲ್ಲಿಯೇ ಗಮನಿಸಬೇಕಾದ ಮತ್ತೊಂದು ಅಂಶವಿದೆ. ಬಾಣಂತನದ ಆಚರಣೆಯಲ್ಲಿ ಹೊರಗಿನವರಿಗೂ ನಿಯಮಗಳಿವೆ. ಬಂದವರೆಲ್ಲ ಬಾಣಂತಿಯ ಕೋಣೆಗೆ ನುಗ್ಗುವಂತಿಲ್ಲ, ಹೊತ್ತಲ್ಲದ ಹೊತ್ತಿನಲ್ಲಿ ಹೋಗುವಂತಿಲ್ಲ, ಗದ್ದಲ ಮಾಡುವಂತಿಲ್ಲ, ಕೂಸನ್ನು ದಿಟ್ಟಿಸಿ ನೋಡುವಂತಿಲ್ಲ, ಬರಿಗೈಯಲ್ಲಿ ಹೋಗುವುದೂ ಸಲ್ಲ. ಕಣ್ಣೆಸರಿನ ಭಯ, ಸೂತಕದ ಭಾವನೆ ಮುಂತಾದ ಹೊದಿಕೆಯೊಳಗೆ ತಾಯಿ ಮಗುವಿನ ಆರೋಗ್ಯದ ಕಾಳಜಿ ಅಡಗಿದೆ. ಗೂಡುಕಾಲದ ಹಕ್ಕಿಗೆ ಸಂಬಂಧಿಸಿದಂತೆ ಪಕ್ಷಿವಿಜ್ಞಾನ ಹೇಳುವುದೂ ಇದನ್ನೇ. ಹತ್ತಿರದ ಗದ್ದಲಕ್ಕೆ ಬೆದರಿ ತಾಯಿಹಕ್ಕಿ ಗೂಡು ಬಿಟ್ಟೆದ್ದರೆ ಮೊಟ್ಟೆ ಮರಿಗಳು ಬಿಸಿಲಿಗೂ ಕಾಗೆ ಹದ್ದುಗಳಿಗೂ ಈಡಾಗುತ್ತವೆ. ಪ್ರವಾಸಿ ಪುಸ್ತಿಕೆಗಳು ತವರಿನ ಕಥೆಯಲ್ಲಿ ಮೊದಲರ್ಧವನ್ನು ಮಾತ್ರ ಎತ್ತಿಕೊಂಡಿವೆ: ಮಗಳು ಬಂದಳು ಎಂಬ ಭಾಗ. ನೋಡಬಂದವರು ಹೇಗಿರಬೇಕು ಎಂಬ ಉಳಿದರ್ಧವನ್ನು ಕೈಬಿಟ್ಟಿವೆ. ಜವಾಬ್ದಾರಿಯುತ ಪ್ರವಾಸೋದ್ಯಮದ ಸಂಹಿತೆ ಇರುವುದು ಆ ಉಳಿದರ್ಧದಲ್ಲಿ.

4. ಬಾಣಂತನದ ವೆಚ್ಚ ಯಾರದು?

ತವರಿನ ಪ್ರತಿಮೆಯನ್ನು ಕೊಂಡಾಡುವವರು ಮರೆಯುವ ಇನ್ನೊಂದು ಸಂಗತಿಯೆಂದರೆ ಬಾಣಂತನಕ್ಕೆ ಖರ್ಚಿದೆ ಎಂಬುದು. ಸಾಲ ಮಾಡಿಯಾದರೂ ಮಗಳ ಹೆರಿಗೆ ಮಾಡಿಸಿದ ತಂದೆಯರ ಕಥೆಗಳು ಹಳ್ಳಿಗಾಡಿನಲ್ಲಿ ಅಪರೂಪವಲ್ಲ. ಕೊಕ್ಕರೆ ಬೆಳ್ಳೂರಿನಲ್ಲಿ ಹಕ್ಕಿಗಳು ಗೂಡು ಕಟ್ಟುವ ಮರಗಳಲ್ಲಿ ಬಹುಪಾಲು ಖಾಸಗಿ ಒಡೆತನದವು. ಹುಣಸೆ ಮಾರುಕಟ್ಟೆಯಿರುವ ಫಸಲು. ಮರದ ದಿಮ್ಮಿಗೂ ಬೆಲೆಯಿದೆ. ಮರ ನಿಂತ ನಿವೇಶನಕ್ಕೆ ಅದಕ್ಕಿಂತ ಹೆಚ್ಚಿನ ಬೆಲೆಯಿದೆ. ಮನೆ ವಿಸ್ತರಿಸಬೇಕಾದಾಗ, ಅಣ್ಣತಮ್ಮಂದಿರು ಪಾಲಾದಾಗ, ಮಗಳ ಮದುವೆಗೆ ಹಣ ಬೇಕಾದಾಗ ಹಿತ್ತಿಲಿನ ಮರ ಮೊದಲು ಕಣ್ಣಿಗೆ ಬೀಳುತ್ತದೆ. ಹಕ್ಕಿಯ ಮೇಲಿನ ಪ್ರೀತಿ ಕಡಿಮೆಯಾಗಿ ಮರ ಬೀಳುತ್ತದೆ ಎನ್ನುವಂತಿಲ್ಲ. ಬದುಕಿನ ಒತ್ತಡ ಹೆಚ್ಚಿದಾಗ ಪ್ರೀತಿಯಿದ್ದೂ ಮರ ಬೀಳುತ್ತದೆ.

ಇದನ್ನರಿತ ಅರಣ್ಯ ಇಲಾಖೆ ಗೂಡಿರುವ ಮರಗಳ ಒಡೆಯರಿಗೆ ಫಸಲಿನ ನಷ್ಟಕ್ಕಾಗಿ ಪರಿಹಾರ ಕೊಡುವ ಪದ್ಧತಿಯನ್ನು ಜಾರಿಗೆ ತಂದಿತು. ಇದು ತತ್ತ್ವದಲ್ಲಿ ಮಹತ್ವದ ಕ್ರಮ. ಮರದ ಒಡೆಯನು ಸಾರ್ವಜನಿಕರ ಪರವಾಗಿ ಒಂದು ಸೇವೆ ಸಲ್ಲಿಸುತ್ತಿದ್ದಾನೆಂಬುದನ್ನು ಅದು ಒಪ್ಪಿಕೊಳ್ಳುತ್ತದೆ. ಆದರೆ ಪರಿಹಾರವು ಹುಣಸೆಯ ಪೇಟೆ ಬೆಲೆಗೆ ಸಾಟಿಯಾಗುವುದಿಲ್ಲ ಎಂಬುದು ಮರದ ಒಡೆಯರ ಬಹುಕಾಲದ ಅಹವಾಲು. ಮೇಲಾಗಿ ಪರಿಹಾರವು ಇರುವ ಮರಕ್ಕೆ ದೊರೆಯುವಂಥದು. ಸತ್ತ ಮರದ ಜಾಗದಲ್ಲಿ ಹೊಸ ಸಸಿ ನೆಟ್ಟು, ಅದು ಗೂಡು ಹೊರುವಷ್ಟು ದೊಡ್ಡದಾಗುವವರೆಗಿನ ದೀರ್ಘ ಕಾಲಕ್ಕೆ ಅದು ಉತ್ತರವಾಗದು.

2002ರಲ್ಲಿ ತಿದ್ದುಪಡಿಯಾದ ವನ್ಯಜೀವಿ (ಸಂರಕ್ಷಣಾ) ಕಾಯಿದೆಯು 'ಸಮುದಾಯ ಮೀಸಲು ಪ್ರದೇಶ' ಎಂಬ ಹೊಸ ವರ್ಗವನ್ನು ಸೃಷ್ಟಿಸಿತು. ಜನರು ತಾವಾಗಿಯೇ ವನ್ಯಜೀವಿಗಳನ್ನು ಕಾಪಾಡಿಕೊಂಡು ಬಂದಿರುವ ಖಾಸಗಿ ಅಥವಾ ಸಮುದಾಯದ ಭೂಮಿಗೆ ಇದು ಅನ್ವಯ. ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿ ನಾಮಕರಣ ಮಾಡಿದ ಪ್ರತಿನಿಧಿಗಳೇ ಹೆಚ್ಚು ಮಂದಿ. ಅರಣ್ಯ ಇಲಾಖೆಯ ಪ್ರತಿನಿಧಿ ಒಬ್ಬರು. ಈ ನಿಯಮದಡಿ 2007ರಲ್ಲಿ ಕೊಕ್ಕರೆ ಬೆಳ್ಳೂರು ಸಮುದಾಯ ಮೀಸಲು ಪ್ರದೇಶವಾಗಿ ಘೋಷಿತವಾಯಿತು. ಅದರ ವಿಸ್ತೀರ್ಣ ಸುಮಾರು 312 ಹೆಕ್ಟೇರ್. 2022ರ ತಿದ್ದುಪಡಿಯು ಖಾಸಗಿ ಭೂಮಿಯಲ್ಲಿನ ಮೀಸಲು ಪ್ರದೇಶಗಳ ಸಮಿತಿಯಲ್ಲಿ ಭೂಮಿಯ ಒಡೆಯನಿಗೂ ಸ್ಥಾನ ಕಲ್ಪಿಸಿತು. ಊರನ್ನು ಎತ್ತಂಗಡಿ ಮಾಡದೆ, ಊರಿನ ಕೈಯಲ್ಲಿಯೇ ಸಂರಕ್ಷಣೆಯನ್ನಿರಿಸುವ ಅವಕಾಶ ಹೀಗೆ ಕಾನೂನಿನಲ್ಲಿಯೇ ಇದೆ.

ಪ್ರವಾಸೋದ್ಯಮದ ಗಳಿಕೆಯನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಬೆಂಗಳೂರಿನಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿರುವ ಊರಿಗೆ ಮುಂಜಾನೆ ಹೊರಟವರು ಹೊತ್ತೇರುವ ಮುನ್ನ ನೋಡಿ ಮರಳಬಹುದು. ಅವರ ಖರ್ಚು ಹೆದ್ದಾರಿಯ ಇಂಧನ, ಹೋಟೆಲುಗಳಲ್ಲಿಯೇ ಮುಗಿದುಹೋಗುವುದು ಸಹಜ. ಹಕ್ಕಿ ಊರಿನ ಮರದಲ್ಲಿ, ಹಿಕ್ಕೆ ಊರಿನ ಅಂಗಳದಲ್ಲಿ, ಗಳಿಕೆ ಹೆದ್ದಾರಿಯ ಬದಿಯಲ್ಲಿ ಎಂಬಂತಾದರೆ ಅದು ಜವಾಬ್ದಾರಿಯುತ ಪ್ರವಾಸೋದ್ಯಮವಲ್ಲ. ಪ್ರವಾಸಿಯ ಹಣ ಮರದ ಬುಡದವರೆಗೆ ತಲುಪುತ್ತದೆಯೇ ಎಂಬುದೇ ಇಲ್ಲಿ ಒರೆಗಲ್ಲು.

ಊರಿನ ಮಿತಿಯನ್ನೂ ಮರೆಯುವಂತಿಲ್ಲ. 2017ರ ಡಿಸೆಂಬರಿನಿಂದ 2018ರ ಮೊದಲ ತಿಂಗಳುಗಳವರೆಗೆ ಇಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತುಬಿದ್ದವು. ಅವುಗಳ ದೇಹದಲ್ಲಿ ದುಂಡುಹುಳುಗಳ ಬಾಧೆ ಕಂಡುಬಂದಿತು. ಇಂತಹ ಹುಳುಗಳು ಮೀನಿನ ಮೂಲಕ ಹಕ್ಕಿಯ ಹೊಟ್ಟೆ ಸೇರುವಂಥವು. ಊರು ಎಷ್ಟೇ ಅಕ್ಕರೆಯಿಂದ ಮರ ಕಾದರೂ ಹಕ್ಕಿ ಉಣ್ಣುವ ಕೆರೆ ನದಿಗಳು ಊರಿನ ಗಡಿಯಾಚೆ ಇವೆ. ತವರಿನ ಹೊಣೆಯನ್ನು ಒಂದೇ ಊರಿನ ಹೆಗಲಿಗೆ ಹೊರಿಸಿ, ಸುತ್ತಲಿನ ಜಲಮೂಲಗಳನ್ನು ಕೆಡಲು ಬಿಡುವುದು ನ್ಯಾಯವಲ್ಲ.

5. ಇತರ ನೆಲೆಗಳ ಅನುಭವ

ಕೊಕ್ಕರೆ ಬೆಳ್ಳೂರಿನ ಸ್ಥಿತಿಯನ್ನು ಸ್ಪಷ್ಟವಾಗಿ ಕಾಣಲು ಕೆಲವು ಹೋಲಿಕೆಗಳು ನೆರವಾಗುತ್ತವೆ. ಒಡಿಶಾದ ಚಿಲಿಕಾ ಸರೋವರದ ಉತ್ತರ ಅಂಚಿನಲ್ಲಿರುವ ಮಂಗಲಾಜೋಡಿಯ ಕಥೆ ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನಿಂದ ಬಂದುದು. ಅಲ್ಲಿನವರು ಒಂದು ಕಾಲಕ್ಕೆ ವಲಸೆ ಹಕ್ಕಿಗಳ ಬೇಟೆಗೆ ಹೆಸರಾಗಿದ್ದರು. ಸ್ಥಳೀಯ ಸಂರಕ್ಷಕರ ಒತ್ತಾಸೆಯಿಂದ ಬೇಟೆಗಾರರು ಬೇಟೆ ಬಿಡುವುದಾಗಿ ಮಾತು ಕೊಟ್ಟರು. 2000ದಲ್ಲಿ ಪಕ್ಷಿ ಸಂರಕ್ಷಣೆಯ ಗ್ರಾಮ ಸಮಿತಿಯೊಂದು ರೂಪುಗೊಂಡಿತು. ಹಕ್ಕಿಯ ಜಾಡು ಬಲ್ಲ ಅದೇ ಬೇಟೆಗಾರರು ಮುಂದೆ ದೋಣಿ ನಡೆಸುವ ಮಾರ್ಗದರ್ಶಕರಾದರು. ಬೇಟೆಯ ಜ್ಞಾನವೇ ಕಾವಲಿನ ಜ್ಞಾನವಾಗಿ ಪರಿವರ್ತನೆಗೊಂಡಿತು. ಪ್ರವಾಸಿ ನೇರವಾಗಿ ದೋಣಿಯವನಿಗೆ ಹಣ ತೆರುವುದರಿಂದ ಹಕ್ಕಿಗೂ ಅವನ ಮನೆಯ ಒಲೆಗೂ ನಡುವೆ ಸಂಬಂಧವೇರ್ಪಟ್ಟಿತು. ಬೇಟೆ ಬಿಟ್ಟವರಿಗೆ ದೊರೆತ ಈ ಜೀವನೋಪಾಯವು ಎಂದೂ ಬೇಟೆಯಾಡದೆ ಹಕ್ಕಿ ಕಾಯ್ದವರಿಗೂ ದೊರೆಯಬೇಕೆಂಬುದು ಸಹಜವಾದ ನಿರೀಕ್ಷೆ.

ಕರ್ನಾಟಕದಲ್ಲಿಯೇ ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಕಗ್ಗಲಡು, ಬಣ್ಣದ ಕೊಕ್ಕರೆಗಳನ್ನು ಊರಿನ ಹುಣಸೆ ಮರಗಳಲ್ಲಿ ಕಾಪಾಡಿಕೊಂಡಿರುವ ಇನ್ನೊಂದು ಹಳ್ಳಿ. ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ಬೇರೊಂದು ಬಗೆಯದು. ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾದ ಈ ನಡುಗಡ್ಡೆಗಳು ಸರ್ಕಾರದ ಆಡಳಿತದಲ್ಲಿದ್ದು, ನದಿಯ ನೀರೇ ಅಲ್ಲಿ ಪ್ರವಾಸಿಗೂ ಗೂಡಿಗೂ ನಡುವೆ ಅಂತರ ಕಾಯುತ್ತದೆ. ಅಂತಹ ನೈಸರ್ಗಿಕ ಗಡಿಯಿಲ್ಲದ ಕೊಕ್ಕರೆ ಬೆಳ್ಳೂರಿನಲ್ಲಿ ಆ ಕೆಲಸವನ್ನು ಊರಿನ ಕಟ್ಟಳೆಯೇ ಮಾಡಬೇಕು.

ದೊಡ್ಡ ಕಾಡುಗಳ ಅನುಭವ ಇನ್ನಷ್ಟು ಕಠಿಣವಾದ ಪಾಠ ಹೇಳುತ್ತದೆ. ನಾಗರಹೊಳೆಯಲ್ಲಿ 1990ರ ದಶಕದಲ್ಲಿ ರಾಷ್ಟ್ರೀಯ ಉದ್ಯಾನದೊಳಗೆ ಐಷಾರಾಮಿ ವಸತಿಗೃಹದ ಯೋಜನೆ ಬಂದಾಗ ಅಲ್ಲಿನ ಆದಿವಾಸಿಗಳು ಪ್ರತಿಭಟಿಸಿ ನ್ಯಾಯಾಲಯದ ಮೊರೆಹೊಕ್ಕರು; 1997ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯದ ತೀರ್ಪು ಯೋಜನೆಗೆ ತಡೆಯಾಯಿತು. ಜೇನು ಕುರುಬರಂತಹ ಮೂಲನಿವಾಸಿಗಳನ್ನು ಕಾಡಿನಿಂದ ಹೊರಗಿಡುತ್ತಲೇ ವಿಹಾರಿಗಳಿಗೆ ಬಾಗಿಲು ತೆರೆಯುವ ವೈರುಧ್ಯ ಅಂದು ಬಯಲಾಯಿತು. ಬಿಳಿಗಿರಿರಂಗನ ಬೆಟ್ಟದಲ್ಲಿ 2011ರಲ್ಲಿ ಎರಡು ಘಟನೆಗಳು ಒಂದೇ ವರ್ಷ ಸಂಭವಿಸಿದವು. ಆ ಕಾಡು ಹುಲಿ ಮೀಸಲು ಪ್ರದೇಶವಾಯಿತು; ಅರಣ್ಯ ಹಕ್ಕು ಕಾಯಿದೆಯಡಿ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕುಗಳೂ ದೊರೆತವು. ಹುಲಿ ಮೀಸಲು ಪ್ರದೇಶವೊಂದರಲ್ಲಿ ಇಂತಹ ಮಾನ್ಯತೆ ದೊರೆತುದು ದೇಶದಲ್ಲಿಯೇ ಮೊದಲು. ಹುಲಿವೀರಪ್ಪನನ್ನು ಪೂಜಿಸುವ, ದೊಡ್ಡ ಸಂಪಿಗೆಯನ್ನು ದೈವವೆಂದು ಕಾಣುವ ಸಮುದಾಯ ಆ ಕಾಡಿನ ಹಕ್ಕುದಾರನೂ ಆಯಿತು.

ನಂಬಿಕೆಯೊಂದೇ ಸಾಲದು ಎಂಬುದಕ್ಕೆ ನೋವಿನ ನಿದರ್ಶನವೂ ಇದೇ ಸೀಮೆಯಲ್ಲಿದೆ. ಮಹದೇಶ್ವರನು ಹುಲಿವಾಹನ, ಅವನ ಮಹಾಕಾವ್ಯವನ್ನು ಕಂಸಾಳೆಯವರು, ದೇವರಗುಡ್ಡರು ಇಂದಿಗೂ ಹಾಡುತ್ತಾರೆ. ಆ ದೇವರ ಹೆಸರಿನ ವನ್ಯಧಾಮದಲ್ಲಿಯೇ 2025ರ ಜೂನ್ ತಿಂಗಳಲ್ಲಿ ಒಂದು ತಾಯಿಹುಲಿಯೂ ಅದರ ನಾಲ್ಕು ಮರಿಗಳೂ ವಿಷ ಬೆರೆತ ಹಸುವಿನ ಮಾಂಸ ತಿಂದು ಸತ್ತವು. ಹುಲಿಯನ್ನು ದೇವರ ವಾಹನವೆನ್ನುವ ನಂಬಿಕೆಗೂ ಹಸು ಕಳೆದುಕೊಂಡವನ ನಷ್ಟಕ್ಕೂ ನಡುವಿನ ಅಂತರವನ್ನು ತುಂಬುವ ವ್ಯವಸ್ಥೆಯಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಇದು ತೋರಿಸುತ್ತದೆ. ಅದೇ ವರ್ಷದ ನವೆಂಬರಿನಲ್ಲಿ, ಕಾಡಂಚಿನ ಹಳ್ಳಿಗಳಲ್ಲಿ ಹುಲಿ ದಾಳಿಗೆ ಜನರು ಬಲಿಯಾದುದರಿಂದ ಬಂಡೀಪುರ ಮತ್ತು ನಾಗರಹೊಳೆಗಳಲ್ಲಿ ಸಫಾರಿಯನ್ನು ಸರ್ಕಾರ ಸ್ಥಗಿತಗೊಳಿಸಿತು. ಹುಲಿಯನ್ನು ನೋಡುವ ಸುಖ ಒಬ್ಬರಿಗೆ, ಅದರೊಡನೆ ಬಾಳುವ ಕಷ್ಟ ಮತ್ತೊಬ್ಬರಿಗೆ ಎಂಬ ಕಾಡಂಚಿನ ಜನರ ಅಸಮಾಧಾನವೂ ಆ ಸಂದರ್ಭದಲ್ಲಿ ಮುನ್ನೆಲೆಗೆ ಬಂದಿತು. ಹುಲಿ ಮೀಸಲು ಪ್ರದೇಶಗಳ ಸುತ್ತಲಿನ ಪ್ರವಾಸಿ ಉದ್ಯಮದಿಂದ ಸ್ಥಳೀಯ ಸಂರಕ್ಷಣಾ ಶುಲ್ಕ ಪಡೆದು ಜನರ ಜೀವನೋಪಾಯಕ್ಕೂ ಸಂರಕ್ಷಣೆಗೂ ವಿನಿಯೋಗಿಸಬೇಕೆಂದು 2012ರ ರಾಷ್ಟ್ರೀಯ ಮಾರ್ಗಸೂಚಿಯೇ ಹೇಳಿದೆ. ಆದರೆ ಕೊಕ್ಕರೆ ಬೆಳ್ಳೂರಿನಂತಹ ಸಣ್ಣ ಸಮುದಾಯ ಮೀಸಲುಗಳು ಆ ಮಾರ್ಗಸೂಚಿಯ ವ್ಯಾಪ್ತಿಯಿಂದ ಹೊರಗುಳಿದಿವೆ.

6. ಅತಿಥಿಗೆ ಊರಿನ ಕಟ್ಟಳೆ

ಮೇಲಿನ ಚರ್ಚೆಯಿಂದ ಕೆಲವು ಪ್ರಾಯೋಗಿಕ ಸೂಚನೆಗಳು ಹೊರಡುತ್ತವೆ. ಇವಾವುವೂ ಊರಿಗೆ ಹೊರಗಿನಿಂದ ತರಬೇಕಾದ ಹೊಸ ತತ್ತ್ವಗಳಲ್ಲ. ತವರಿನ ಕಟ್ಟುಪಾಡಿನಲ್ಲಿ ಈಗಾಗಲೇ ಇರುವ ಅಂಶಗಳ ವಿಸ್ತರಣೆಗಳು.

ಮೊದಲನೆಯದು ನಡವಳಿಕೆಯ ಸಂಹಿತೆ. ಗೂಡುಕಾಲದಲ್ಲಿ ವಾಹನ ಊರ ಹೊರಗೆ ನಿಲ್ಲಬೇಕು. ಸಂದರ್ಶನಕ್ಕೆ ಹೊತ್ತು ಗೊತ್ತಾಗಬೇಕು. ಮರದ ಬುಡಕ್ಕೆ ಹೋಗದೆ ದೂರದಿಂದ ನೋಡಬೇಕು. ಧ್ವನಿವರ್ಧಕ, ಪಟಾಕಿ, ಆಕಾಶದಿಂದ ಚಿತ್ರ ತೆಗೆಯುವ ಡ್ರೋನ್‌ಗಳಿಗೆ ಆಸ್ಪದವಿರಬಾರದು. ಇದನ್ನು ನಿಷೇಧಗಳ ಪಟ್ಟಿಯಾಗಿ ಹಲಗೆಯ ಮೇಲೆ ಬರೆದರೆ ಓದುವವರು ಕಡಿಮೆ. 'ಇದು ಬಾಣಂತಿಯಿರುವ ಮನೆ' ಎಂದು ಊರಿನವರ ಬಾಯಲ್ಲಿ ಹೇಳಿಸಿದರೆ ಕನ್ನಡ ಬಲ್ಲ ಯಾವ ಪ್ರವಾಸಿಗೂ ಬೇರೆ ವಿವರಣೆ ಬೇಕಾಗದು.

ಎರಡನೆಯದು ನಿರೂಪಣೆಯ ಹಕ್ಕು. ಊರಿನ ಕಥೆಯನ್ನು ಊರಿನವರೇ ಹೇಳಬೇಕು. ಗೊಬ್ಬರದ ಗುಂಡಿಯ ವಿವರ, ಪ್ಲೇಗಿನ ಐತಿಹ್ಯ, ಯಾವ ವರ್ಷ ಯಾವ ಮರದಲ್ಲಿ ಗೂಡಿತ್ತೆಂಬ ನೆನಪು ಇವೆಲ್ಲ ಹಿರಿಯರಲ್ಲಿರುವ ಮೌಖಿಕ ಸಂಪತ್ತು. ಅದನ್ನು ದಾಖಲಿಸುವುದು ಜಾನಪದ ಸಂಶೋಧನೆಯ ಹೊಣೆ. ಆ ದಾಖಲೆಯನ್ನು ಊರಿಗೇ ಮರಳಿಸಿ, ಯುವಕ ಯುವತಿಯರು ಅದನ್ನು ಬಳಸಿ ಮಾರ್ಗದರ್ಶಕರಾಗುವಂತೆ ಮಾಡುವುದು ಸಂಶೋಧನೆಯ ಋಣ ತೀರಿಸುವ ದಾರಿ.

ಮೂರನೆಯದು ಹಣದ ಹರಿವು. ವಾಹನ ನಿಲುಗಡೆ, ಮಾರ್ಗದರ್ಶನ, ಊಟ, ವಸತಿ ಇವುಗಳ ಆದಾಯದಲ್ಲಿ ಗೊತ್ತುಪಡಿಸಿದ ಪಾಲು 'ಮರದ ನಿಧಿ'ಯಾಗಿ ಸಮಿತಿಯ ಕೈಸೇರಿ, ಗೂಡಿರುವ ಮರಗಳ ಒಡೆಯರಿಗೂ ಹೊಸ ಸಸಿ ಬೆಳೆಸುವವರಿಗೂ ಸಲ್ಲಬೇಕು. ಸರ್ಕಾರದ ಪರಿಹಾರಕ್ಕೆ ಇದು ಪೂರಕವಾಗಬೇಕೇ ಹೊರತು ಅದನ್ನು ನಿಲ್ಲಿಸಲು ನೆಪವಾಗಬಾರದು. ಬಾಣಂತಿಯನ್ನು ನೋಡಲು ಬರಿಗೈಯಲ್ಲಿ ಹೋಗಬಾರದೆಂಬ ಪದ್ಧತಿಯ ಇಂದಿನ ರೂಪವೆಂದು ಇದನ್ನು ಭಾವಿಸಬಹುದು.

ನಾಲ್ಕನೆಯದು ಹೆಣ್ಣುಮಕ್ಕಳ ಸ್ಥಾನ. ತವರು, ಬಾಣಂತನಗಳ ಪ್ರತಿಮೆ ಹೆಣ್ಣಿನ ಅನುಭವಲೋಕದಿಂದ ಬಂದುದು. ಅಂಗಳ ಗುಡಿಸುವವರೂ ಅವರೇ. ಆದುದರಿಂದ ಸಮಿತಿಯ ನಿರ್ಧಾರಗಳಲ್ಲಿಯೂ ಗಳಿಕೆಯಲ್ಲಿಯೂ ಅವರ ಪಾಲು ನಿಶ್ಚಿತವಾಗಿರಬೇಕು.

ಐದನೆಯದು ಮಿತಿ. ಪ್ರವಾಸಿಗಳ ಸಂಖ್ಯೆ ಏರುವುದನ್ನೇ ಯಶಸ್ಸೆಂದು ಎಣಿಸುವ ರೂಢಿ ಇಂತಹ ನೆಲೆಗಳಿಗೆ ಹೊಂದದು. ಗೂಡುಗಳ ಸಂಖ್ಯೆ, ಉಳಿದ ಮರಗಳ ಸಂಖ್ಯೆ, ನೆಟ್ಟ ಸಸಿಗಳಲ್ಲಿ ಬದುಕಿದವುಗಳ ಸಂಖ್ಯೆ ಇವೇ ಇಲ್ಲಿ ಲೆಕ್ಕದ ಪುಸ್ತಕದ ಮೊದಲ ಸಾಲುಗಳಾಗಬೇಕು.

7. ಸಮಾರೋಪ

ಜನಪದ ನಂಬಿಕೆಯು ಸಂರಕ್ಷಣೆಗೆ ತಾನೇ ಸಾಕೆಂಬ ನಿಲುವೂ, ನಂಬಿಕೆಯೆಲ್ಲ ಪ್ರವಾಸಿಗರನ್ನು ಸೆಳೆಯುವ ಅಲಂಕಾರವೆಂಬ ನಿಲುವೂ ಸಮಾನವಾಗಿ ತಪ್ಪು. ಕೊಕ್ಕರೆ ಬೆಳ್ಳೂರಿನ ತವರಿನ ಕಲ್ಪನೆ ಮೂರು ಪಕ್ಷಗಳಿಗೆ ಕರ್ತವ್ಯ ವಿಧಿಸುತ್ತದೆ: ಮರ ಕೊಡುವುದು ಊರಿನ ಕರ್ತವ್ಯ, ಅಂತರ ಕಾಯುವುದೂ ಕೈಲಾದುದನ್ನು ಕೊಡುವುದೂ ನೋಡಬಂದವನ ಕರ್ತವ್ಯ, ಊರಿನ ಆಚೆಗಿರುವ ಕೆರೆ ನದಿಗಳನ್ನು ಕಾಯುವುದು ಸರ್ಕಾರ ಮತ್ತು ನಾಡಿನ ಕರ್ತವ್ಯ. ಇವುಗಳಲ್ಲಿ ಮೊದಲನೆಯದನ್ನು ಊರು ತಲೆಮಾರುಗಳಿಂದ ನಡೆಸಿಕೊಂಡು ಬಂದಿದೆ. ಉಳಿದೆರಡು ಇನ್ನೂ ಬಾಕಿಯಿವೆ.

ಹುಣಸೆ ಗೂಡು ಹೊರುವ ಮರವಾಗಲು ಒಂದು ತಲೆಮಾರು ಬೇಕು. ಇಂದು ನೆಟ್ಟ ಸಸಿಯ ನೆರಳಿನಲ್ಲಿ ನಿಂತು ಹಕ್ಕಿ ನೋಡುವವರು ಇಂದಿನವರ ಮಕ್ಕಳು. ಆ ಸಸಿಯನ್ನು ಹಿತ್ತಿಲಿನಲ್ಲಿ ಉಳಿಸಿಕೊಳ್ಳಲು ಮರದ ಒಡೆಯನಿಗೆ ಸಾಧ್ಯವಾಗುವಂತೆ ಮಾಡುವ ಪ್ರವಾಸೋದ್ಯಮವನ್ನು ಜವಾಬ್ದಾರಿಯುತವೆಂದು ಕರೆಯಬಹುದು.